ಎಡಗಡೆಯ ಪೆಟ್ಟಿಗೆ

ದುರ್ಗಿಗುಡಿ, ಶಿವಮೊಗ್ಗ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ವೇದಾ,

ಹೇಗಿದ್ದೀಯ? ನಿನ್ನ ಅಕ್ಕನ ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಿಸಿ ಎಂದಾಗಲೆಲ್ಲ ಅವರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಳ್ಳುತ್ತಾರೆಂದು ನೀನು ಹೇಳಿದ್ದೆ. ಆ ಆಟ ಈಗಲೂ ನಡೆಯುತ್ತಿದೆಯೋ, ಇಲ್ಲ ಮೆಟ್ಟಿಲು ಹತ್ತಿಳಿಯುವಷ್ಟು ಸುಧಾರಿಸಿದರೋ? ಮೈಸೂರಿನಲ್ಲಿ ಬೆಳಗಿನ ಹೊತ್ತು ಚಳಿ ಶುರುವಾಗಿರಬೇಕು. ನಿನ್ನ ಕಂದು ಶಾಲು ಇಲ್ಲೇ ಬೀರುವಿನಲ್ಲಿ ಉಳಿದಿದೆ, ನೋಡಿ ಬೇಜಾರಾಯಿತು. ಅಕ್ಕನದೊಂದನ್ನು ಕೇಳಿ ಹೊದ್ದುಕೋ, ಸಂಕೋಚ ಮಾಡಬೇಡ. ಇಲ್ಲಿ ನನ್ನ ಊಟತಿಂಡಿಗೆ ಕೊರತೆಯಿಲ್ಲ. ನೀನು ಮಾಡಿಟ್ಟುಹೋದ ಸಾರಿನಪುಡಿ ದೀಪಾವಳಿಗೇ ಮುಗಿಯಿತು, ಈಗ ಅಂಗಡಿಯದು. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ನಿನ್ನೆ ಉತ್ಥಾನ ದ್ವಾದಶಿ. ಪಕ್ಕದ ಮನೆಯವರು ಕೊಟ್ಟ ನೆಲ್ಲಿಯ ಟೊಂಗೆಯನ್ನು ತುಳಸಿಯ ಪಕ್ಕ ನೆಟ್ಟು, ನಾನೇ ರಂಗೋಲಿ ಹಾಕಿ, ಒಬ್ಬನೇ ಪೂಜೆ ಮಾಡಿದೆ. ರಂಗೋಲಿಯನ್ನು ನೀನು ನೋಡಿದ್ದರೆ ಇದು ಯಾವ ಜಿಲ್ಲೆಯ ನಕ್ಷೆ ಎಂದು ಕೇಳುತ್ತಿದ್ದೆ.

ಫೋನಿರುವಾಗ ಈ ಮನುಷ್ಯ ಯಾಕೆ ಕಾಗದ ಬರೆಯುತ್ತಿದ್ದಾನೆಂದು ನಿನಗೆ ಇಷ್ಟು ಹೊತ್ತಿಗೆ ಅನುಮಾನ ಬಂದಿರುತ್ತದೆ. ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಭಯವಾಗಿದೆ, ವೇದಾ. ಸೋಮವಾರ ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ನನ್ನ ಎಡಗಿವಿ ಮುಕ್ಕಾಲು ಪಾಲು ಹೋಗಿದೆ. ಒಂದೇ ಕಿವಿ ಹೀಗೆ ಹೋದರೆ ಬರೀ ವಯಸ್ಸೆಂದು ಸುಮ್ಮನಿರಲಾಗುವುದಿಲ್ಲವಂತೆ. ಒಳಗೆ ನರದ ಮೇಲೆ ಏನಾದರೂ ಬೆಳೆದಿದೆಯೋ ನೋಡಬೇಕೆಂದು ತಲೆಗೆ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಬರುವ ಗುರುವಾರ, ಇಪ್ಪತ್ತೊಂದಕ್ಕೆ. ಈ ಎರಡು ತಿಂಗಳಲ್ಲಿ ನೀನು ಫೋನ್ ಮಾಡಿದಾಗಲೆಲ್ಲ "ನೆಟ್‌ವರ್ಕ್ ಸರಿಯಿಲ್ಲ, ಇಡ್ತೀನಿ" ಎಂದು ಎರಡೇ ಮಾತಿಗೆ ಇಟ್ಟುಬಿಡುತ್ತಿದ್ದೆನಲ್ಲ, ಅದು ನೆಟ್‌ವರ್ಕಿನ ತಪ್ಪಲ್ಲ. ಬಲಗೈಗೆ ಯಾವಾಗಲೂ ಪೆನ್ನೋ ಪಂಚಾಂಗವೋ ಬೇಕಾದ್ದರಿಂದ ನಾನು ಫೋನು ಹಿಡಿಯುವುದು ಎಡಗೈಯಲ್ಲಿ, ಎಡಗಿವಿಗೆ. ಈಗ ಗೊತ್ತಾದ ಮೇಲೆ ಬಲಕ್ಕೆ ಹಿಡಿದು ಮಾತಾಡಬಹುದು, ಆದರೆ ಬಾಯಿ ತೆರೆದರೆ ದನಿ ನಡುಗುತ್ತದೆ. ಕಾಗದದಲ್ಲಾದರೆ ಆ ಮುಜುಗರವಿಲ್ಲ. ಮೊದಲಿನಿಂದ ಹೇಳುತ್ತೇನೆ, ನಿಧಾನವಾಗಿ ಓದು. ಕಾದಂಬರಿ ಕೈಗೆ ಬಂದೊಡನೆ ಕೊನೆಯ ಪುಟ ನೋಡುವ ನಿನ್ನ ಚಾಳಿ ಇಲ್ಲಿ ಬೇಡ.

ಇದೆಲ್ಲ ಶುರುವಾದದ್ದು ಏಕಾಂತಪ್ಪನ ಸ್ಪೀಕರುಗಳಿಂದ. ನೀನು ಮೈಸೂರಿನ ಬಸ್ಸು ಹತ್ತಿದ ವಾರಕ್ಕೇ ಭದ್ರಾವತಿಯಿಂದ ಅವನ ಫೋನು. ಪೇಪರ್ ಮಿಲ್ಲು ನಿಂತ ಮೇಲೂ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಹೇಗೋ ಕಾಲ ಹಾಕಿದ್ದವನು ಈಗ ಅದನ್ನು ಬಿಟ್ಟು ಹಳೇನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದಿದ್ದಾನೆ. ಸಾಮಾನಿಗೆ ಜಾಗವಿಲ್ಲ. ಆ ಸ್ಪೀಕರುಗಳು ನಿನಗೆ ನೆನಪಿರಲೇಬೇಕು: ಮೊಣಕಾಲೆತ್ತರದ ಎರಡು ಮರದ ಪೆಟ್ಟಿಗೆ, ಮುಂದೆ ಕಂದು ಬಟ್ಟೆ. ಮಿಲ್ಲಿನಲ್ಲಿ ಯಂತ್ರ ಕೂರಿಸಲು ಬಂದಿದ್ದ ಹೊರದೇಶದ ಇಂಜಿನಿಯರೊಬ್ಬ ತನ್ನ ಊರಿಗೆ ಹೊರಟಾಗ ಅವನಿಗೆ ಕೊಟ್ಟುಹೋದದ್ದು. ನಮ್ಮ ಮದುವೆಯಾದ ಹೊಸದರಲ್ಲಿ ಅವನ ಮನೆಗೆ ಊಟಕ್ಕೆ ಹೋಗಿದ್ದಾಗ ಅವುಗಳಲ್ಲಿ ವೀಣೆ ಹಾಕಿದ್ದ. ಅವನ ಹೆಂಡತಿ ವೀರಮ್ಮ ಹೋಳಿಗೆಯ ತಟ್ಟೆ ಹಿಡಿದು ನಿಂತೇ ಇದ್ದರು, ನೀನು ಕೈ ಚಾಚುವುದನ್ನೇ ಮರೆತು ಕೂತಿದ್ದೆ. "ಯಾರೋ ಇಲ್ಲೇ ಕೋಣೇಲಿ ಕೂತು ನುಡಿಸ್ತಿದ್ದ ಹಾಗಿದೆ ರೀ" ಎಂದಿದ್ದೆ. ಆ ಮಾತನ್ನು ನಾನು ನಲವತ್ತು ವರ್ಷದಿಂದ ಇಟ್ಟುಕೊಂಡಿದ್ದೇನೆ. ಅವನ ಆಂಪ್ಲಿಫೈಯರ್ ಕೆಟ್ಟು ಎಷ್ಟೋ ಕಾಲವಾಯಿತು. ಯಂತ್ರದ ಸದ್ದಿನ ನಡುವೆ ಮೂವತ್ತೈದು ವರ್ಷ ನಿಂತು ಅವನ ಕಿವಿಯೂ ಹೋಗಿದೆ, ಎರಡೂ ಕಡೆ ಮಿಷಿನ್ ಹಾಕಿಕೊಂಡಿದ್ದಾನೆ. "ತಗೊಂಡು ಹೋಗು ಮಾರಾಯ. ನಂಗೆ ಇವು ಇನ್ನು ಬರೀ ಮರದ ಡಬ್ಬ. ವೇದಮ್ಮಂಗೆ ಕೇಳ್ಸು" ಎಂದ. ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ನೀನು ಮೂರು ವಾರಕ್ಕೆ ಬರುವವಳಿದ್ದೆಯಲ್ಲ, ಅಷ್ಟರೊಳಗೆ ಹಾಡುವಂತೆ ಮಾಡಿಡಬೇಕೆಂದು ನಿನಗೆ ಒಂದು ಮಾತೂ ಹೇಳದೆ ಮುಚ್ಚಿಟ್ಟೆ.

ಸ್ಪೀಕರಿಗೆ ಜೀವ ಕೊಡಲು ಒಂದು ರಿಸೀವರ್ ಬೇಕಿತ್ತು. ರಿಸೀವರ್ ಎಂದರೆ ಆಂಪ್ಲಿಫೈಯರೂ ರೇಡಿಯೋವೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದು. ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಹಾಕದಿದ್ದರೆ ನಿನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲವಲ್ಲ, ಅದಕ್ಕೇ. ಹೊಸದಕ್ಕೆ ನನ್ನ ಪಿಂಚಣಿ ಎಟಕುವುದಿಲ್ಲ. ಸವಳಂಗ ರಸ್ತೆಯಲ್ಲಿ ಚಂದ್ರಶೇಖರಪ್ಪ ಎನ್ನುವವರು ಹಳೆಯ ಟಿವಿ, ಸ್ಟೀರಿಯೋ ಇಟ್ಟು ಮಾರುತ್ತಾರೆಂದು ಕೇಳಿ ಅಲ್ಲಿಗೆ ಹೋದೆ. ಮೊದಲು ನನ್ನ ಕಣ್ಣು ಬಿದ್ದದ್ದು ಒಂದು ದೊಡ್ಡ ಡಬ್ಬದ ಮೇಲೆ. ಮುಂದೆ ಬಣ್ಣಬಣ್ಣದ ದೀಪ, ಸಾವಿರದ ಲೆಕ್ಕದಲ್ಲಿ ವಾಟ್ಸ್ ಬರೆದಿತ್ತು, ಬೆಲೆಯೂ ಕಡಿಮೆ. ಆ ಮನುಷ್ಯ ಅದನ್ನು ನನಗೆ ಕೊಡಲೇ ಇಲ್ಲ. "ಅದು ಗಣಪತಿ ಪೆಂಡಾಲಿಗೆ ಸರಿ ಮೇಷ್ಟ್ರೇ. ನಿಮ್ಮ ಪೆಟ್ಟಿಗೆ ನಾಲ್ಕು ಓಮ್‌ದು ಅಂತೀರಿ, ಅದು ಕರೆಂಟ್ ಜಾಸ್ತಿ ಎಳೆಯುತ್ತೆ. ಎಲ್ಲಾ ಮಿಷಿನ್ನೂ ತಡಿಯಲ್ಲ, ಬಿಸಿಯಾಗಿ ಹೋಗ್ಬಿಡುತ್ತೆ. ಹೋಗೋವಾಗ ನಿಮ್ಮ ಸ್ಪೀಕರನ್ನೂ ಸುಟ್ಟೇ ಹೋಗುತ್ತೆ" ಎಂದು ಹೇಳಿ, ಬೆಳ್ಳಿ ಬಣ್ಣದ ಹಳೆಯ ಜಪಾನಿನದೊಂದನ್ನು ಇಳಿಸಿ, ಅದರ ಬೆನ್ನಿನ ಮೇಲೆ ನಾಲ್ಕು ಓಮ್ ನಡೆಯುತ್ತದೆಂದು ಬರೆದದ್ದನ್ನು ಬೆರಳಿಟ್ಟು ತೋರಿಸಿದರು. ತಂದು ಜೋಡಿಸಿ ಕೂತೆ. ಬಲಗಡೆಯ ಪೆಟ್ಟಿಗೆ ಹಾಡಿತು. ಎಡಗಡೆಯದು ಗೋಡೆಯಾಚೆ ಯಾರೋ ಮಾತಾಡಿದಷ್ಟು ಮಾತ್ರ.

ಮರುದಿನವೇ ಹೊತ್ತುಕೊಂಡು ಹೋಗಿ ಜಗಳ ಮಾಡಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಚಂದ್ರಶೇಖರಪ್ಪನವರು ತಮ್ಮ ಸ್ಪೀಕರಿಗೆ ಹಚ್ಚಿ ತೋರಿಸಿದರು. "ಎರಡೂ ಕಡೆ ಒಂದೇ ಥರ ಬರ್ತಾ ಇದೆಯಲ್ಲ ಮೇಷ್ಟ್ರೇ" ಎಂದರು. ನನಗೆ ಬರಲಿಲ್ಲ. ಹಳೆಯ ಸಾಮಾನಿಗೆ ಪಾಲಿಶ್ ಹೊಡೆದು ವಯಸ್ಸಾದವರ ತಲೆಗೆ ಕಟ್ಟುತ್ತೀರಿ, ನಾಚಿಕೆಯಾಗಬೇಕು ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರಿಸೀವರ್ ಒಳಗಿಟ್ಟು ಹಣ ವಾಪಸು ಕೊಟ್ಟರು. ಗೆದ್ದವನ ಹಾಗೆ ಮನೆಗೆ ಬಂದೆ.

ಏಕಾಂತಪ್ಪನಿಗೆ ಈ ಕಥೆ ಹೇಳಿದಾಗ ಅವನು ತನ್ನ ಬೀದಿಯಲ್ಲೇ ಇರುವ ಜಂಬಣ್ಣನ ಬಳಿಗೆ ಕರೆದುಕೊಂಡು ಹೋದ. ಜಂಬಣ್ಣ ರಿಪೇರಿಯವನು, ಹಿಂದೆ ಮಿಲ್ಲಿನ ಕ್ಲಬ್ಬಿನ ಮೈಕ್‌ಸೆಟ್ ನೋಡಿಕೊಳ್ಳುತ್ತಿದ್ದವನು. ಅವನ ಅಂಗಡಿಯಲ್ಲಿ ಕೂತು ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು, ಆಗಿನ್ನೂ ಸ್ಪೀಕರಿನ ಬಗ್ಗೆ. ಹಳೆಯ ರಿಸೀವರಿನ ಒಳಗೆ ಒಂದು ಸಣ್ಣ ಪಾರ್ಟು ಸತ್ತಿದ್ದರೂ ಹಾಡಿನ ಬದಲು ಬ್ಯಾಟರಿಯಂತೆ ನೇರ ಕರೆಂಟು ಹೊರಗೆ ಬರುತ್ತದಂತೆ. ಆಗ ಸ್ಪೀಕರಿನ ಒಳಗಿನ ತಂತಿಸುರುಳಿ ಒಂದೇ ಗಳಿಗೆಯಲ್ಲಿ ಸುಟ್ಟುಹೋಗುತ್ತದೆ. "ಈ ಕಾಲದ ಸುರುಳಿ ಹಾಕಬೋದು ಸಾರ್, ಆದ್ರೆ ಆ ದನಿ ವಾಪಸ್ ಬರಲ್ಲ" ಎಂದ. ಅದಕ್ಕೇ ಅವನಲ್ಲಿ ಒಂದು ಕ್ರಮ. ಯಾವ ರಿಸೀವರನ್ನೂ ಮೊದಲು ಮೀಟರಿಗೆ ಹಚ್ಚುವುದು, ಆಮೇಲೆ ಮೂಲೆಯಲ್ಲಿರುವ ಒಡೆದ ಸ್ಪೀಕರೊಂದಕ್ಕೆ. ಆ ಬಡಪಾಯಿ ಸ್ಪೀಕರಿಗೆ ಅವನು ಕುಂಕುಮ ಹಚ್ಚಿಟ್ಟಿದ್ದಾನೆ, ಬಲಿಯ ಕುರಿಗೆ ಹಚ್ಚಿದ ಹಾಗೆ. ಅವನ ಹತ್ತಿರ ಮೂರು ರಿಸೀವರುಗಳಿದ್ದವು. ಒಂದಕ್ಕೆ ಮೀಟರಿನ ಮುಳ್ಳು ಎಗರಿತು, ಅದನ್ನು ಕೆಳಗಿಟ್ಟ. ಇನ್ನೊಂದರ ಮೂತಿ ಚೆನ್ನಾಗಿತ್ತು, ಆದರೆ ಸ್ಪೀಕರನ್ನು ಕಾಯುವ ಒಳಗಿನ ಸ್ವಿಚ್ಚು ಕೆಲಸ ಮಾಡುತ್ತಿರಲಿಲ್ಲ. ಮೂರನೆಯದು ಕಪ್ಪಗೆ, ಗಿಡ್ಡಗೆ, ರೇಡಿಯೋ ಪಟ್ಟಿಯ ದೀಪ ಹಳದಿಯಾಗಿ, ನೋಡಿದರೆ ಯಾರಿಗೂ ಬೇಡವೆನಿಸುವಂಥದು. ಅದನ್ನೇ ತೆಗೆದುಕೊಳ್ಳಿ ಎಂದ. "ವಾಟ್ಸ್ ನೋಡಿ ಮೋಸ ಹೋಗ್ಬೇಡಿ. ನಿಮ್ಮ ಹಾಲಿಗೆ ಇಪ್ಪತ್ತು ಸಾಕು, ಆದ್ರೆ ಆ ಇಪ್ಪತ್ತು ಶುದ್ಧ ಇರ್ಬೇಕು. ಆನ್ ಮಾಡಿ ಐದು ಎಣಿಸಿ, ಒಳಗೆ ಟಕ್ ಅನ್ಬೇಕು. ಅನ್ನದೇ ಇದ್ರೆ ಆಫ್ ಮಾಡಿ ನಂಗೆ ಫೋನ್ ಮಾಡಿ." ಆರೂವರೆ ಸಾವಿರ ತೆಗೆದುಕೊಂಡ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಮನೆಯಲ್ಲಿ ಆನ್ ಮಾಡಿ ಐದು ಎಣಿಸಿದೆ. ಟಕ್ ಎಂದಿತು. ಬಲಗಡೆ ಹಾಡು ಬಂತು. ಎಡಗಡೆ ಮತ್ತೆ ಅದೇ. ಸುಟ್ಟೇಹೋಯಿತು, ಏಕಾಂತಪ್ಪ ನಲವತ್ತು ವರ್ಷ ಕಾಪಾಡಿದ್ದನ್ನು ನಾನು ಒಂದು ತಿಂಗಳಲ್ಲಿ ಮುಗಿಸಿದೆ ಎಂದುಕೊಂಡೆ. ಹೋಗಿ ಬಟ್ಟೆಯ ಮೇಲೆ ಬೆರಳಿಟ್ಟರೆ ಒಳಗೆ ನಡುಗುತ್ತಿತ್ತು. ನಡುಗುವುದು ಬೆರಳಿಗೆ ಗೊತ್ತಾಗುತ್ತದೆ, ಸದ್ದು ಮಾತ್ರ ಇಲ್ಲ. ಫೋನನ್ನು ಸ್ಟೂಲಿನ ಮೇಲಿಟ್ಟು, ದನಿ ಜೋರು ಮಾಡಿ ಜಂಬಣ್ಣನಿಗೆ ಕರೆ ಮಾಡಿದೆ. ಆಫ್ ಮಾಡಿ ಹಿಂದಿನ ವೈರುಗಳನ್ನು ಅದಲುಬದಲು ಮಾಡಿ ಎಂದ. ಈಗ ಬಲಗಡೆಯದು ಸೊರಗಿದರೆ ರಿಸೀವರಿನ ದೋಷ, ಎಡಗಡೆಯದೇ ಸೊರಗಿದ್ದರೆ ಪೆಟ್ಟಿಗೆಯ ದೋಷ. ಮಾಡಿದೆ. ಎಡಗಡೆಯದೇ. ಆಗ ನನ್ನ ಸಿಟ್ಟು ಏಕಾಂತಪ್ಪನ ಮೇಲೆ ತಿರುಗಿತು. ಕಿವುಡ ಮುಂಡೇದು ಕೆಟ್ಟ ಪೆಟ್ಟಿಗೆಯನ್ನು ನನಗೆ ದಾಟಿಸಿತು ಎಂದು ಒಬ್ಬನೇ ಬೈದುಕೊಂಡೆ, ಆ ಪಾಪ ನನಗೆ ತಟ್ಟಲಿ. ಕೊನೆಗೆ ಪೆಟ್ಟಿಗೆಗಳನ್ನೇ ಎಳೆದು ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಇಟ್ಟೆ. ಕೆಟ್ಟದ್ದೆಂದುಕೊಂಡದ್ದು ಬಲಕ್ಕೆ ಬಂದೊಡನೆ ಗಂಟೆಯಂತೆ ಹಾಡಿತು. ಚೆನ್ನಾಗಿದ್ದದ್ದು ಎಡಕ್ಕೆ ಹೋಗಿ ಮೂಕವಾಯಿತು. ಆಗಲೂ ನನಗೆ ಹೊಳೆಯಲಿಲ್ಲ ನೋಡು. ಎಡಗಡೆಯ ಗೋಡೆ ಸದ್ದು ಕುಡಿಯುತ್ತದೇನೋ ಎಂದು ಅಲ್ಲಿದ್ದ ಕ್ಯಾಲೆಂಡರ್ ತೆಗೆದೆ, ಪರದೆ ಬಿಚ್ಚಿದೆ, ನಿನ್ನ ಹೊಲಿಗೆ ಮಿಷಿನ್ನು ಒಳಗೆ ಸಾಗಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಬಲಿಪಾಡ್ಯಮಿಯ ಸಂಜೆ ತಿಳಿಯಿತು. ಹಾಲಿನಲ್ಲಿ ರೇಡಿಯೋ ಹಚ್ಚಿಟ್ಟೇ ದೀಪ ಹಚ್ಚಿದ್ದೆ, ಭದ್ರಾವತಿಯಿಂದ ವೀಣೆ ಬರುತ್ತಿತ್ತು. ಮಂಗಳಾರತಿ ಮುಗಿಸಿ, ಕೈಮುಗಿದು, ನಿಂತಲ್ಲೇ ಪ್ರದಕ್ಷಿಣೆ ತಿರುಗಲು ಶುರು ಮಾಡಿದೆ. ದೇವರ ಕಡೆ ಮುಖ ಮಾಡಿ ನಿಂತಾಗ ವೀಣೆ ನನ್ನ ಬಲಕ್ಕಿತ್ತು. ಅರ್ಧ ಸುತ್ತು ತಿರುಗಿ ಹಾಲಿನ ಕಡೆ ಮುಖವಾದಾಗ ಅದು ಎಡಕ್ಕೆ ಬರಬೇಕು. ಬರಲಿಲ್ಲ, ಬಲಕ್ಕೇ ಇತ್ತು. ಮತ್ತೆ ತಿರುಗಿದೆ, ಬಲಕ್ಕೇ. ಅರವತ್ತು ವರ್ಷದಿಂದ ದಿನಾ ತಿರುಗುತ್ತಿರುವ ಮೂರು ಸುತ್ತು, ವೇದಾ. ಆ ಮೂರು ಸುತ್ತಿನಲ್ಲೂ ನಾನು ತಿರುಗಿದ ಹಾಗೆ ವೀಣೆಯೂ ನನ್ನ ಜೊತೆ ತಿರುಗುತ್ತಾ ಬಲಗಡೆಯೇ ನಿಂತಿತ್ತು. ಹಾಡು ಕೋಣೆಯಲ್ಲಿರಲಿಲ್ಲ, ನನ್ನ ಒಂದು ಕಿವಿಯಲ್ಲಿತ್ತು. ಕೈಮುಗಿದದ್ದನ್ನು ಬಿಡಿಸಲಾಗದೆ ಹಾಗೇ ನಿಂತೆ. ಆಮೇಲೆ ಧೈರ್ಯ ಮಾಡಿ ಬಲಗಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಂಡೆ. ರೇಡಿಯೋ ನಿಂತಿತು. ಗಡಿಯಾರ ನಿಂತಿತು. ಬೀದಿಯಲ್ಲಿ ಪಟಾಕಿ ಸರ ಹಚ್ಚಿದ್ದರು, ಕಿಟಕಿಯಲ್ಲಿ ಬೆಳಕು ಹಾರುತ್ತಿತ್ತು, ಸದ್ದು ಮಾತ್ರ ಬೇರೆ ಯಾವುದೋ ಊರಿನದು. ಬೆರಳು ತೆಗೆಯಲು ಹೆದರಿಕೆ, ತೆಗೆಯದಿರಲೂ ಹೆದರಿಕೆ.

ಒಂದು ವಾರ ಯಾರಿಗೂ ಹೇಳದೆ ಕಳೆದೆ. ತಾನಾಗಿ ಸರಿಹೋಗುತ್ತದೆಂದು ಬಿಸಿ ಎಳ್ಳೆಣ್ಣೆ ಬಿಟ್ಟುಕೊಂಡೆ, ಬೈಯಬೇಡ. ಸೋಮವಾರ ಡಾಕ್ಟರಲ್ಲಿ ಗಾಜಿನ ಕಿಟಕಿಯ ಒಂದು ಚಿಕ್ಕ ಕೋಣೆಯೊಳಗೆ ಕೂರಿಸಿ, ಎರಡೂ ಕಿವಿಗೆ ಮುಚ್ಚಳ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಬಲಗಿವಿಗೆ ಟಕಟಕನೆ ಒತ್ತಿದೆ, ಪಾಸಾದ ಹುಡುಗನ ಹಾಗೆ. ಎಡಗಿವಿಯ ಸರದಿ ಬಂತು. ಗಾಜಿನಾಚೆ ಆ ಹುಡುಗಿ ತನ್ನ ಯಂತ್ರದ ಮೇಲೆ ಏನೋ ಒತ್ತುವುದು ಕಾಣುತ್ತಿತ್ತು. ಒತ್ತಿ ನನ್ನ ಕೈ ನೋಡುತ್ತಿದ್ದಳು. ಮತ್ತೆ ಒತ್ತಿ ಮತ್ತೆ ನೋಡುತ್ತಿದ್ದಳು. ನನ್ನ ಬೆರಳು ಗುಂಡಿಯ ಮೇಲೆ ಸುಮ್ಮನೆ ಇತ್ತು. ಸುಳ್ಳು ಒತ್ತಿಬಿಡೋಣವೇ ಎಂದು ಒಂದು ಸಲ ಅನಿಸಿತು. ಡಾಕ್ಟರು ಒಳ್ಳೆಯವರು, ಸಾವಕಾಶವಾಗಿ ಹೇಳಿದರು: ಸ್ಕ್ಯಾನಿನಲ್ಲಿ ಏನೂ ಕಾಣದಿರಬಹುದು, ಕಂಡರೂ ಇಂಥವು ಬಹಳ ನಿಧಾನವಾಗಿ ಬೆಳೆಯುವಂಥವು, ದಾರಿಗಳಿವೆ. ಆದರೆ 'ಬೆಳೆಯುವಂಥವು' ಎಂಬ ಮಾತಿನ ಮುಂದೆ ನನಗೆ ಏನೂ ಕೇಳಿಸಲಿಲ್ಲ. ಅದು ಕಿವಿಯ ದೋಷವಲ್ಲ, ಭಯದ್ದು. ಹೋದ ಕಿವಿ ಹೋಯಿತು. ಇನ್ನೊಂದೂ ಹೋದರೆ ಸ್ವರ ತಿದ್ದುವುದು ಹೇಗೆ, ಸಂಜೆಯ ಸ್ತೋತ್ರದ ಪಾಠ ಹೇಳುವುದು ಹೇಗೆ, ನನ್ನ ಮಂತ್ರ ನನಗೇ ಕೇಳಿಸದೆ ಬರೀ ತುಟಿ ಅಲ್ಲಾಡಿಸುತ್ತಾ ಹೇಗೆ ಕೂರಲಿ?

ಪಾಠ ಎಂದಾಗ ಸುಶ್ಮಿತಾಳ ನೆನಪಾಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಎರಡು ವರ್ಷದಿಂದ ತಪ್ಪದೆ ಬರುತ್ತಿದ್ದಳಲ್ಲ. ಶ್ರಾವಣದಲ್ಲಿ ಅವಳಿಗೆ, ಪದದ ಕೊನೆಯನ್ನು ನುಂಗುತ್ತೀಯ, ಇಷ್ಟು ಅಸಡ್ಡೆಯಿದ್ದರೆ ಬರಬೇಡ ಎಂದುಬಿಟ್ಟೆ. ಅವಳು ಬರುವುದನ್ನು ನಿಲ್ಲಿಸಿದಳು. ಅವಳು ಕೂರುತ್ತಿದ್ದದ್ದು ನನ್ನ ಎಡಕ್ಕೆ, ಕಿಟಕಿಯ ಪಕ್ಕ. ಅವಳ ಮನೆಗೆ ಹೋಗಬೇಕು, ಇನ್ನೂ ಕಾಲು ಬಂದಿಲ್ಲ. ಚಂದ್ರಶೇಖರಪ್ಪನವರಲ್ಲಿಗೆ ಮಾತ್ರ ಮಂಗಳವಾರ ಹೋದೆ. ತಪ್ಪಾಯಿತು, ನಿಮ್ಮ ರಿಸೀವರ್ ಸರಿಯಾಗಿತ್ತು, ಕೆಟ್ಟದ್ದು ನನ್ನ ಕಿವಿ ಎಂದೆ. ಅವರು ಸ್ಟೂಲ್ ಎಳೆದು ಕೂರಿಸಿ ಚಹಾ ತರಿಸಿದರು. "ನಂಗೆ ಅವತ್ತೇ ಗೊತ್ತಾಯ್ತು ಮೇಷ್ಟ್ರೇ. ನೀವು ತಲೆ ಓರೆ ಮಾಡ್ಕೊಂಡು ಕೇಳ್ತಿದ್ರಿ. ನಮ್ಮ ತಂದೆಯವ್ರೂ ಹಾಗೇ ಕೇಳ್ತಿದ್ರು. ಅಷ್ಟು ಜನರ ಮುಂದೆ ನಿಮಗೆ ಹೆಂಗೆ ಹೇಳ್ಲಿ" ಎಂದರು. ನಾನು ಅವರನ್ನು ಜನರ ಮುಂದೆ ಮೋಸಗಾರ ಎಂದೆ, ಅವರು ನನ್ನನ್ನು ಜನರ ಮುಂದೆ ಕಿವುಡ ಎನ್ನಲಿಲ್ಲ.

ಅಂಗಡಿಯವರಿಗೆ ಒಂದೇ ದಿನಕ್ಕೆ ಗೊತ್ತಾದದ್ದು ನಲವತ್ತು ವರ್ಷ ಜೊತೆಗಿದ್ದವಳಿಗೆ ಗೊತ್ತಿರಲಿಲ್ಲವೇ ಎಂದು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಮದುವೆಯ ಹಸೆಯಿಂದ ಎದ್ದಂದಿನಿಂದ ನೀನು ನನ್ನ ಎಡಕ್ಕೇ. ಊಟಕ್ಕೆ ಎಡಕ್ಕೆ, ಬಸ್ಸಿನಲ್ಲಿ ಎಡಕ್ಕೆ, ಜಗಲಿಯ ಮೇಲೆ ಎಡಕ್ಕೆ. ಯುಗಾದಿಯ ಹೊತ್ತಿಗೆ ನೀನು ಊಟದ ಟೇಬಲ್ಲಿನಲ್ಲಿ ಬಲಕ್ಕೆ ಬಂದು ಕೂತಾಗ, ಇದೇನು, ನಮ್ಮ ವಾಮಭಾಗ ದಾರಿ ತಪ್ಪಿತೇ ಎಂದು ಹಾಸ್ಯ ಮಾಡಿದೆ. ನೀನು ನಗಲಿಲ್ಲ, ಮರುದಿನ ಮತ್ತೆ ಎಡಕ್ಕೇ ಕೂತೆ. ನೀನು ಇತ್ತೀಚೆಗೆ ಗೊಣಗುತ್ತೀಯ, ಬಾಯಿ ಬಿಟ್ಟು ಹೇಳು ಎಂದು ಎಷ್ಟು ಸಲ ರೇಗಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಒಂದು ಸಲ ನೀನೂ ರೇಗಿದೆ. ಅದೊಂದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ನಿನ್ನ ಮಾತು ಕಡಿಮೆಯಾಯಿತು. ನಾನೋ, ಎರಡೆರಡು ಸಲ ಹೇಳಿಸಿಕೊಳ್ಳಲು ಮರ್ಯಾದೆ ಅಡ್ಡ ಬಂದು, ಕೇಳಿಸದಿದ್ದಾಗಲೆಲ್ಲ "ಹೂಂ, ಆಗಲಿ" ಎಂದು ತಲೆಯಾಡಿಸುವುದನ್ನು ಕಲಿತೆ. ಮನೆ ತಣ್ಣಗಾದದ್ದನ್ನು ನೆಮ್ಮದಿ ಎಂದುಕೊಂಡೆ. ಎಂಥ ದಡ್ಡ ನೋಡು.

ರಿಸೀವರ್ ಈಗ ಚೆನ್ನಾಗಿದೆ. ಹಟದಲ್ಲಿ ಪೂರ್ತಿ ಎಡಕ್ಕೆ ತಿರುಗಿಸಿದ್ದ, ಎರಡೂ ಪೆಟ್ಟಿಗೆಗೆ ಸದ್ದು ಹಂಚುವ ಬ್ಯಾಲೆನ್ಸ್ ಗುಂಡಿಯನ್ನು ನಡುವಿಗೆ ತಂದಿದ್ದೇನೆ. ಮೊನ್ನೆ ಸಂಜೆ ಏಕಾಂತಪ್ಪ ಬಂದಿದ್ದ. ಎರಡು ಪೆಟ್ಟಿಗೆಯ ಮೇಲೂ ಒಂದೊಂದು ಕೈಯಿಟ್ಟು, "ಎರಡೂ ನಡುಗ್ತಾ ಇದಾವೆ ಕಣಯ್ಯ, ಸರಿ ಇದಾವೆ" ಎಂದ. ಒಂದು ಕಿವಿಯವನು, ಮಿಷಿನ್ನಿನ ಕಿವಿಯವನು ಇಬ್ಬರೂ ಕೂತು ಕಾಫಿ ಕುಡಿದೆವು. ಸ್ಕ್ಯಾನಿಗೆ ಜೊತೆಗೆ ಬರುತ್ತೇನೆಂದ. ಅಲ್ಲಿ ಕರೆದರೆ ಇಬ್ಬರಿಗೂ ಕೇಳಿಸುವುದಿಲ್ಲ, ಬೇಡ ಮಾರಾಯ ಎಂದೆ. ನಗಿಸಲೆಂದು ಹೇಳಿದ್ದು, ಇಬ್ಬರೂ ನಗಲಿಲ್ಲ. ಎಡಗಡೆಯ ಪೆಟ್ಟಿಗೆ ನಿಜವಾಗಿ ಹೇಗೆ ಹಾಡುತ್ತಿದೆಯೆಂದು ಈ ಮನೆಯಲ್ಲಿ ಹೇಳಬಲ್ಲವಳು ನೀನೊಬ್ಬಳೇ. ಮಗನಿಗೆ ಈಗಲೇ ಹೇಳಬೇಡ. ಸುಘೋಷ ಹೆದರಿದರೆ ನನ್ನ ಮೇಲೆ ಕೂಗಾಡುತ್ತಾನೆ, ಅದು ಎರಡೂ ಕಿವಿಗೆ ಕೇಳಿಸುತ್ತದೆ.

ಅಕ್ಕನಿಗೆ ನಮಸ್ಕಾರ ಹೇಳು, ಕಾಲು ಮಡಿಸಲು ಹೇಳು. ನಿನ್ನ ಸೊಂಟ ಜೋಪಾನ, ನೀರಿನ ಬಕೆಟ್ಟು ಎತ್ತಬೇಡ. ದೇವರು ನಿನ್ನನ್ನು ಆರೋಗ್ಯವಾಗಿಟ್ಟಿರಲಿ, ನಮ್ಮಿಬ್ಬರ ಪಾಲಿನ ಧೈರ್ಯವನ್ನೂ ನಿನ್ನ ಬಳಿಯೇ ಇಟ್ಟಿರಲಿ.

ನಿನ್ನ,
ಶ್ರೀನಿವಾಸಮೂರ್ತಿ

ಪುನಶ್ಚ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಸ್ಪೀಡ್ ಪೋಸ್ಟಿಗೆ ಹೊತ್ತಾಯಿತು. ಸ್ಕ್ಯಾನಿನ ಭಯ ಇದೆ, ಸುಳ್ಳಲ್ಲ. ಆದರೆ ಮಂಗಳವಾರದಿಂದ ನನ್ನನ್ನು ತಿನ್ನುತ್ತಿರುವುದು ಅದಲ್ಲ. ಸೆಪ್ಟೆಂಬರಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿನ ಇಂಜಿನ್ ಶುರುವಾಗಿದ್ದಾಗ ನೀನು ನನ್ನ ಎಡಕ್ಕೆ ನಿಂತು, ಬ್ಯಾಗಿನ ಜಿಪ್ಪು ಎಳೆಯುತ್ತಾ, ತಲೆ ತಗ್ಗಿಸಿಯೇ ಏನೋ ಹೇಳಿದೆ. ಕೊನೆಯಲ್ಲಿ ತಲೆಯೆತ್ತಿ ನನ್ನ ಮುಖ ನೋಡಿದೆ, ಹಾಗಾಗಿ ಅದು ಪ್ರಶ್ನೆಯೇ ಇರಬೇಕು. ನಾನು "ಹೂಂ, ಆಗಲಿ" ಎಂದೆ. ನೀನು ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದೆ. ಕಿಟಕಿಯಿಂದ ಕೈ ಬೀಸಲಿಲ್ಲ. ಮೂರು ವಾರಕ್ಕೆಂದು ಹೋದವಳು ನವರಾತ್ರಿಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಅಕ್ಕನ ಮಂಡಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಾನು ಯಾವುದಕ್ಕೆ ಆಗಲಿ ಎಂದೆ, ವೇದಾ? ಅದು ಏನೇ ಇದ್ದರೂ ಅದು ನನ್ನ ಉತ್ತರವಲ್ಲ, ನನಗೆ ಪ್ರಶ್ನೆಯೇ ಕೇಳಿಸಿರಲಿಲ್ಲ. ಬುಧವಾರದೊಳಗೆ ಬಾ. ಬಂದು, ನನ್ನ ಬಲಕ್ಕೆ ನಿಂತು, ಇನ್ನೊಂದು ಸಲ ಕೇಳು.